ಬೆಳವಲದ ದಾರಿಯಲ್ಲಿ ಮನೆ ಹೊತ್ತ ಬಂಡಿ

ಭಾರತ ಹುಣ್ಣಿಮೆಗೆ ಇನ್ನೆರಡು ದಿನ ಇದೆ ಎನ್ನುವಾಗ ನವಲಗುಂದದಿಂದ ಸವದತ್ತಿಯ ಕಡೆಗೆ ಹೋಗುವ ದಾರಿಯಲ್ಲಿ ನಿಂತು ನೋಡಬೇಕು. ಒಂದರ ಹಿಂದೊಂದು ಟ್ರ್ಯಾಕ್ಟರುಗಳು ಬರುತ್ತವೆ. ಟ್ರೇಲರಿನ ಮೇಲೆ ಕಮಾನಿನಂತೆ ಬಾಗಿಸಿದ ಪೈಪು, ಅದರ ಮೇಲೆ ಬಿಗಿದು ಕಟ್ಟಿದ ತಾಡಪತ್ರಿ. ಒಳಗೆ ಹುಲ್ಲು, ಹುಲ್ಲಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಮೂರು ತಲೆಮಾರಿನ ಜನ. ಹಿಂಬದಿಗೆ ಕಟ್ಟಿಗೆ, ನೀರಿನ ಕೊಡ, ಪಾತ್ರೆಯ ಚೀಲ, ರೊಟ್ಟಿಯ ಗಂಟು. 'ಉಧೋ ಉಧೋ' ಎಂಬ ಕೂಗು ಇಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತದೆ. ಈ ಸಾಲಿನ ನಡುವೆ, ರಸ್ತೆಯ ಎಡ ಅಂಚಿಗೆ ಸರಿದು, ಕೊರಳ ಗೆಜ್ಜೆ ಸದ್ದು ಮಾಡುತ್ತ ಒಂದೋ ಎರಡೋ ಎತ್ತಿನ ಬಂಡಿಗಳೂ ಇರುತ್ತವೆ. ಒಂದು ಕಾಲಕ್ಕೆ ಸಾಲೆಲ್ಲ ಅವುಗಳದೇ ಆಗಿತ್ತು.

ಅಡಿಗೆಮನೆ, ಹಾಸಿಗೆ, ನೀರು ಎಲ್ಲವನ್ನೂ ಒಂದೇ ವಾಹನದಲ್ಲಿ ತುಂಬಿಕೊಂಡು ಊರೂರು ಸುತ್ತುವುದು ಅಮೆರಿಕ, ಕೆನಡಾಗಳಲ್ಲಿ ದೊಡ್ಡ ಹವ್ಯಾಸ. ಅಲ್ಲಿನ ಹುಲ್ಲುಬಯಲಿನ ಹೆದ್ದಾರಿಗಳಲ್ಲಿ ಇಂಥ ಮನೆಗಾಡಿಗಳು ವಾರಗಟ್ಟಲೆ ಓಡುತ್ತವೆ; ದಾರಿಯ ಬದಿಗೆ ಕಂಡದ್ದನ್ನು ನೋಡುತ್ತ, ಕತ್ತಲಾದಲ್ಲಿ ತಂಗುತ್ತ ಸಾಗುತ್ತವೆ. ಭಾರತದಲ್ಲೂ ಇದನ್ನು ಬೆಳೆಸಬೇಕೆಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲಿ 'ಕ್ಯಾರವಾನ್' ಪ್ರವಾಸಕ್ಕೊಂದು ನೀತಿಯನ್ನು ರೂಪಿಸಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಅದರ ಮಾತು ಬಂತು. ನಗರದವರಿಗೆ ಇದು ಹೊಸದೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಧಾರವಾಡದ ಹಳ್ಳಿಗಳಲ್ಲಿ ಕೊಲ್ಲಾರಿ ಬಂಡಿ ಎಂದರೆ ಏನೆಂದು ಅರವತ್ತು ದಾಟಿದ ಯಾರನ್ನಾದರೂ ಕೇಳಿದರೆ, ಅವರು ವಿವರಿಸುವುದು ಬಹುಮಟ್ಟಿಗೆ ಇದನ್ನೇ.

ಆ ಬಂಡಿ ಹೇಗಿತ್ತು, ಯಾವಾಗ ಹೊರಡುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಈ ನೆಲದ ಮಣ್ಣಿನಲ್ಲಿ, ಇಲ್ಲಿನ ನೀರಿನಲ್ಲಿ, ಎತ್ತಿನ ನಡಿಗೆಯಲ್ಲಿ ಇದೆ. ದಾರಿಬದಿಯ ಎಷ್ಟೋ ಊರುಗಳ ಬೆಳವಣಿಗೆಯ ಗುಟ್ಟೂ ಅಲ್ಲಿಯೇ ಇದೆ.

ಕಾಡಿನ ಮರ, ಬಯಲಿನ ಗಾಲಿ

ಧಾರವಾಡ ಜಿಲ್ಲೆ 1997ರಲ್ಲಿ ಒಡೆದು ಗದಗ, ಹಾವೇರಿಗಳು ಬೇರೆಯಾದ ಮೇಲೂ ಉಳಿದ ಭಾಗದಲ್ಲಿ ಎರಡು ನಾಡುಗಳಿವೆ. ಪಶ್ಚಿಮಕ್ಕೆ ಕಲಘಟಗಿ. ಯಲ್ಲಾಪುರದ ದಟ್ಟ ಕಾಡು ತೆಳುವಾಗುತ್ತ ಬಂದು ಇಲ್ಲಿ ಅರೆಮಲೆನಾಡಾಗುತ್ತದೆ. ಕೆಂಪು ಮಸಾರಿ ನೆಲ, ಭತ್ತದ ಗದ್ದೆ, ನಡುನಡುವೆ ಸಾಗವಾನಿ, ಬಿದಿರು, ಹುಲ್ಲಿನ ದಿಬ್ಬ. ಪೂರ್ವಕ್ಕೆ ನಡೆದಂತೆ ಮರಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಹುಬ್ಬಳ್ಳಿ ದಾಟಿದ ಮೇಲೆ ಮಣ್ಣು ಕಪ್ಪಾಗುತ್ತದೆ. ಅಣ್ಣಿಗೇರಿ, ನವಲಗುಂದಗಳ ಬಯಲಿಗೆ ಬಂದರೆ ಹಳ್ಳದ ದಂಡೆಯ ಜಾಲಿ, ಊರಮುಂದಿನ ಬೇವು ಬಿಟ್ಟರೆ ದಿಗಂತದವರೆಗೂ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ. ಶಾಸನಗಳು ಇದನ್ನು 'ಬೆಳ್ವೊಲ ಮುನ್ನೂರು' ಎಂದು ಕರೆದವು. ಅಣ್ಣಿಗೇರಿ ಅದರ ರಾಜಧಾನಿಯಾಗಿತ್ತು. ಅಂಕೋಲೆಯಿಂದ ಬರುವ ಈಗಿನ 52ನೇ ರಾಷ್ಟ್ರೀಯ ಹೆದ್ದಾರಿ ಕಲಘಟಗಿ, ಹುಬ್ಬಳ್ಳಿ, ನವಲಗುಂದಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಕಾರಿನಲ್ಲಿ ಕುಳಿತವರು ಕಾಡಿನ ಸೆರಗಿನಿಂದ ಕಪ್ಪು ಬಯಲಿಗೆ ಒಂದೂವರೆ ಗಂಟೆಯಲ್ಲಿ ಬಂದುಬಿಡುತ್ತಾರೆ. ನಡುವೆ ನೆಲ ಬದಲಾದದ್ದು ಎಷ್ಟೋ ಜನರ ಗಮನಕ್ಕೂ ಬರುವುದಿಲ್ಲ.

ಬಂಡಿ ಈ ಎರಡೂ ನಾಡುಗಳು ಕೂಡಿ ಮಾಡಿದ ವಸ್ತು. ಬಯಲಿನಲ್ಲಿ ಕಟ್ಟುವ ಮರ ಕಡಿಮೆ. ಹೀಗಾಗಿ ಸಾಗವಾನಿ, ಮತ್ತಿ, ಬಿದಿರುಗಳು ಕಲಘಟಗಿ, ಹಳಿಯಾಳ, ಯಲ್ಲಾಪುರಗಳ ಕಡೆಯಿಂದ ಇಳಿದು ಬರಬೇಕಿತ್ತು. ಬಯಲು ತನ್ನ ಪಾಲಿಗೆ ಕೊಟ್ಟದ್ದು ಜಾಲಿಯ ಮರ. ಗಡುಸಾದ, ಸುಲಭಕ್ಕೆ ಸೀಳದ ಈ ಮರ ಗಾಲಿಯ ನಡುವಿನ ಗುಂಬಕ್ಕೂ, ಸುತ್ತಿನ ಬಾಗಿದ ತುಂಡುಗಳಿಗೂ ಹೇಳಿಮಾಡಿಸಿದಂಥದು. ಬಡಿಗ ಗುಂಬಕ್ಕೆ ಅರೆಕಾಲು ಕೂಡಿಸಿ, ಸುತ್ತಿನ ತುಂಡುಗಳನ್ನು ಜೋಡಿಸಿ ಗಾಲಿಯನ್ನು ಸಿದ್ಧಮಾಡಿದ ಮೇಲೆ ಅದು ಕಮ್ಮಾರನ ಕೈಗೆ ಹೋಗುತ್ತಿತ್ತು. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿಯೇ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಮೂರು ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಅದನ್ನು ಗಾಲಿಗೆ ತೊಡಿಸಿ, ಮರಕ್ಕೆ ಬೆಂಕಿ ಹತ್ತುವಷ್ಟರಲ್ಲಿ ಕೊಡಗಟ್ಟಲೆ ನೀರು ಸುರಿಯಬೇಕು. ಹಳಿ ಕುಗ್ಗಿ, ಒಳಗಿನ ಅರೆಕಾಲುಗಳನ್ನೆಲ್ಲ ಗುಂಬಕ್ಕೆ ಒತ್ತಿ ಹಿಡಿಯುತ್ತದೆ. ಒಂದು ಮೊಳೆಯೂ ಇಲ್ಲದೆ ಇಡೀ ಗಾಲಿ ಬಿಗಿಯಾಗುತ್ತದೆ. ಬೇಸಿಗೆಯ ಒಣಹವೆಗೆ ಮರ ಸೊರಗಿ ಹಳಿ ಸಡಿಲವಾಗುವುದುಂಟು. ಅದಕ್ಕೇ ದೂರದ ಪಯಣಕ್ಕೆ ಮುಂಚೆ ಗಾಲಿಗಳನ್ನು ಕಳಚಿ ಕೆರೆಯಲ್ಲೋ ಹಳ್ಳದಲ್ಲೋ ನೆನೆಹಾಕುವ ರೂಢಿ. ಅಚ್ಚಿನ ತುದಿಯಲ್ಲಿ ಗಾಲಿ ಹೊರಬೀಳದಂತೆ ತಡೆಯುವ ಬೆರಳುದ್ದದ ಕೀಲಿಗೆ ಕಡಾಣಿ ಎಂದು ಹೆಸರು. ಬಂಡಿಯಲ್ಲಿ ಅತಿ ಸಣ್ಣದೂ ಅದೇ, ಅದಿಲ್ಲದಿದ್ದರೆ ಹತ್ತು ಹೆಜ್ಜೆ ಸಾಗದ್ದೂ ಅದೇ.

ಹೇರು ಸಾಗಿಸುವ ಬಂಡಿಯೇ ಬೇರೆ, ಸವಾರಿಯ ಬಂಡಿಯೇ ಬೇರೆ. ಸವಾರಿಯದು ಹಗುರ, ಇಕ್ಕಟ್ಟು, ನೋಡಲು ಚೆಂದ. ಮೇಲೆ ಬಿದಿರ ದಬ್ಬೆಗಳ ಕಮಾನು, ಅದಕ್ಕೆ ತಟ್ಟಿ ಇಲ್ಲವೆ ಗುಡಾರದ ಹೊದಿಕೆ. ಒಳಗೆ ಮೊಳದುದ್ದ ಹುಲ್ಲು ಹರವಿದರೆ ಗಾಲಿಯ ಕುಲುಕಾಟ ಅರ್ಧ ಕಡಿಮೆ. ಸ್ಥಿತಿವಂತರಾದರೆ ಹುಲ್ಲಿನ ಮೇಲೆ ಜಮಖಾನೆ. ಬಂಡಿಯ ತಳಕ್ಕೆ ಅಚ್ಚಿನ ಹತ್ತಿರ ಕಂದೀಲು, ಪಕ್ಕಕ್ಕೆ ಕೀಲೆಣ್ಣೆಯ ಬುದ್ದಲಿ. ಹೊರಡುವ ದಿನ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬೆನ್ನಿಗೆ ಜೂಲ, ಹಣೆಗೆ ಹಣೆಪಟ್ಟಿ, ಕೊರಳಿಗೆ ಗೆಜ್ಜೆಸರ. ಬಂಡಿಗೆ ಹೂಡಿದ ಜೋಡಿಯನ್ನು ನೋಡಿಯೇ ಮನೆತನದ ಅಂತಸ್ತನ್ನು ಅಳೆಯುತ್ತಿದ್ದ ಕಾಲ ಅದು. ಇದರಲ್ಲಿ ಸಾಲಸೋಲದ ಡಂಬಾಚಾರವೂ ಸಾಕಷ್ಟು ಇತ್ತೆನ್ನಬೇಕು.

ಎರಿ ಮಣ್ಣಿನ ಪಂಚಾಂಗ

ಬಂಡಿ ಸಿದ್ಧವಾದರೂ ಬೇಕಾದಾಗ ಹೊರಡುವಂತಿರಲಿಲ್ಲ. ಅದಕ್ಕೆ ಅಪ್ಪಣೆ ಕೊಡುತ್ತಿದ್ದುದು ಮಣ್ಣು.

ಎರಿ ಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಮಳೆಗಾಲದಲ್ಲಿ ಇದು ಅಂಟಿನಂತಾಗುತ್ತದೆ. ಗಾಲಿಗೆ ಮೆತ್ತಿದ ಮಣ್ಣು ಸುತ್ತುಸುತ್ತಿಗೂ ದಪ್ಪವಾಗುತ್ತ ಹೋಗಿ, ಕೊನೆಗೆ ಬಂಡಿಯ ಮೈಗೆ ತಾಗಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಎತ್ತು ಮೊಣಕಾಲಿನವರೆಗೆ ಹೂಳುತ್ತದೆ. ಆಳು ಇಳಿದು ಕೋಲಿನಿಂದ ಮಣ್ಣು ಕೆದರಿ ತೆಗೆದು ಮತ್ತೆ ಹತ್ತು ಮಾರು ಹೋಗಬೇಕು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಬಂದವೆಂದರೆ ಮುಗಿಯಿತು. ಬೇಸಿಗೆಯಲ್ಲಿ ಹರಿಯುವುದೇ ಕಾಣದ ಈ ಹಳ್ಳಗಳು ಮೇಲೆ ಮಳೆಯಾದರೆ ಒಂದೇ ರಾತ್ರಿಯಲ್ಲಿ ಹೊಲಗಳ ಮೇಲೆ ಹರಡಿಕೊಳ್ಳುತ್ತವೆ. 2009 ಮತ್ತು 2019ರ ನೆರೆಗಳನ್ನು ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಇನ್ನು ಕಡುಬೇಸಿಗೆಯಲ್ಲಿ ನೆಲ ಬಿರಿದು, ಎತ್ತಿನ ಗೊರಸು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು ಬೀಳುತ್ತವೆ. ಕೆರೆಗಳೂ ತಳ ಕಾಣುತ್ತವೆ.

ನಡುವೆ ಉಳಿಯುವುದು ಚಳಿಗಾಲದ ಎರಡು ಮೂರು ತಿಂಗಳು. ಹಿಂಗಾರಿಯ ಬಿತ್ತನೆ ಮುಗಿದು, ನೆಲ ಗಟ್ಟಿಯಾಗಿ, ದಾರಿಯ ಧೂಳು ಹದಕ್ಕೆ ಬಂದಿರುತ್ತದೆ. ಕೆರೆಯಲ್ಲಿ ನೀರಿದೆ, ಹೊಲದಲ್ಲಿ ತೆನೆಯಿದೆ, ಬಣವೆಯಲ್ಲಿ ಮೇವಿದೆ. ಈ ನಾಡಿನ ಬಂಡಿಯ ಹಬ್ಬಗಳೆಲ್ಲ ಇದರ ಆಸುಪಾಸಿಗೇ ಬರುವುದು ಕಾಕತಾಳೀಯವಲ್ಲ. ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳಿಗೆ ಇಡೀ ಮನೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡುಬರುವುದು ಚಿಕ್ಕ ಪಯಣ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬರುವುದು ದೊಡ್ಡ ಪಯಣ. ದಾರಿಯಲ್ಲಿ ಎಳೆಜೋಳದ ಸೀತನಿ, ಸುಟ್ಟ ಕಡಲೆಯ ಸುಲಗಾಯಿ ಸಿಗುವ ದಿನಗಳೂ ಇವೇ. ಹೋಳಿ ಮುಗಿದ ಮೇಲೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಚಾಂಗದೇವನ ಉರುಸು. ಹಿಂದೂಗಳು ಚಾಂಗದೇವ ಎಂದೂ ಮುಸ್ಲಿಮರು ರಾಜಾಬಾಗಸವಾರ ಎಂದೂ ನಡೆದುಕೊಳ್ಳುವ ಈ ಸಂತ ನೀರಿನಿಂದ ದೀಪ ಉರಿಸಿದನೆಂಬ ಐತಿಹ್ಯವಿದೆ. ಬೆಣ್ಣಿಹಳ್ಳದಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆಂದು ನಂಬಿ ಬರುವವರು ಬಹಳ. ಇದು ಬಂಡಿಯ ವರ್ಷದ ಕೊನೆಯ ಪಯಣಗಳಲ್ಲೊಂದು. ಆಮೇಲೆ ಬಿಸಿಲು, ಅದರ ಹಿಂದೆ ಕೆಸರು.

ಎತ್ತಿನ ಒಂದು ದಿನ

ಹೇರು ಹೊತ್ತ ಜೋಡೆತ್ತು ತಾಸಿಗೆ 3-4 ಕಿ.ಮೀ. ನಡೆದೀತು. ಬೆಳಗಿನ ನಸುಕಿಗೆ ಹೂಡಿ, ಬಿಸಿಲೇರಿದಾಗ ಕೊರಳು ಬಿಚ್ಚಿ, ಇಳಿಹೊತ್ತಿಗೆ ಮತ್ತೆ ಹೂಡಿದರೆ ದಿನಕ್ಕೆ 20-25 ಕಿ.ಮೀ. ಅದಕ್ಕಿಂತ ಹೆಚ್ಚು ಹೊಡೆದರೆ ಮರುದಿನ ಎತ್ತು ಏಳುವುದಿಲ್ಲ. ಇದು ಬೆಳವಲದ ಲೆಕ್ಕ ಮಾತ್ರವಲ್ಲ. 1840ರ ದಶಕದಲ್ಲಿ ಅಮೆರಿಕದ ಹುಲ್ಲುಬಯಲುಗಳನ್ನು ದಾಟಿ ಪಶ್ಚಿಮದ ಆರೆಗಾನ್‌ ಸೀಮೆಗೆ ವಲಸೆ ಹೋದ ಕುಟುಂಬಗಳೂ ಕಮಾನಿನ ಮೇಲೆ ಬಟ್ಟೆ ಹೊದಿಸಿದ ಬಂಡಿಗಳಲ್ಲಿ ಹೋದವು. ಸಿನಿಮಾಗಳಲ್ಲಿ ಕುದುರೆಗಳನ್ನು ತೋರಿಸಿದರೂ ಆ ಬಂಡಿಗಳಲ್ಲಿ ಹೆಚ್ಚಿನವನ್ನು ಎಳೆದದ್ದು ಎತ್ತುಗಳೇ. ಅವರ ದಿನದ ಸರಾಸರಿಯೂ ಸುಮಾರು 24 ಕಿ.ಮೀ. ಮಿಸೌರಿಯಾದರೇನು, ನವಲಗುಂದವಾದರೇನು, ಎತ್ತಿನ ಹೆಜ್ಜೆ ಒಂದೇ.

ಇನ್ನು ನಕ್ಷೆ ಬಿಡಿಸಿ ನೋಡಿ. ಹುಬ್ಬಳ್ಳಿಯಿಂದ ಕುಂದಗೋಳ ಸುಮಾರು 20 ಕಿ.ಮೀ., ಕಲಘಟಗಿ 30ರ ಹತ್ತಿರ, ಅಣ್ಣಿಗೇರಿ 35, ನವಲಗುಂದ 40ರ ಒಳಗೆ. ಸಂತೆಗೆ ಹತ್ತಿ ಹೇರಿಕೊಂಡು ಹೊರಟವನಿಗೆ ಒಂದು ದಿನದ ಇಲ್ಲವೆ ನಡುವೆ ಒಂದು ವಸ್ತಿಯ ದಾರಿ. ಸವದತ್ತಿಯ ಗುಡ್ಡಕ್ಕೆ ನವಲಗುಂದದವರು ಎರಡು ದಿನದಲ್ಲಿ ಮುಟ್ಟುತ್ತಿದ್ದರು. ಧಾರವಾಡದ ಮೇಲೆ ಹಾದು ಅಮ್ಮಿನಭಾವಿ, ಹಾರೋಬೆಳವಡಿ, ಇನಾಮಹೊಂಗಲಗಳ ದಾರಿ ಹಿಡಿಯುವ ಕಲಘಟಗಿ, ಕುಂದಗೋಳದವರಿಗೆ ಮೂರು ನಾಲ್ಕು ದಿನ.

ತಂಗುವ ಜಾಗವನ್ನು ದೂರದ ಜೊತೆಗೆ ನೀರೂ ನಿರ್ಧರಿಸುತ್ತಿತ್ತು. ಎರಿ ನಾಡಿನಲ್ಲಿ ಬಾವಿ ತೋಡಿದರೆ ನೀರು ಸಿಗಬಹುದು, ಆದರೆ ಬಹಳ ಕಡೆ ಅದು ಸವಳು. ಬೆಣ್ಣಿಹಳ್ಳದ ನೀರೂ ಸವಳೇ. ಬೇಳೆ ಬೇಯದ, ಎತ್ತು ಮೂಸಿ ಬಿಡುವ ನೀರು. ಹೀಗಾಗಿ ಇಲ್ಲಿನ ಊರುಗಳು ಮಳೆನೀರನ್ನು ಕೆರೆಯಲ್ಲಿ ಹಿಡಿದು ಕುಡಿಯುತ್ತ ಬಂದವು. ಸಿಹಿನೀರಿನ ಕೆರೆ, ಅದರ ದಂಡೆಗೊಂದು ಗುಡಿ, ನೆರಳಿಗೆ ನಾಲ್ಕು ಬೇವು ಇಲ್ಲವೆ ಆಲ, ಎತ್ತು ಕಟ್ಟಲು ಬಯಲು: ಇಷ್ಟಿದ್ದರೆ ಅದು ವಸ್ತಿಯ ಜಾಗ. ಬಂಡಿಗಳು ಅಲ್ಲಿ ಕೊರಳು ಬಿಚ್ಚಿದವೆಂದರೆ ಹೂವಿನವರು, ಬಳೆಗಾರರು, ಮಂಡಕ್ಕಿ ಮಿರ್ಚಿಯವರು ತಾವಾಗಿ ಬಂದರು. ಹೆದ್ದಾರಿಯ ಪಕ್ಕಕ್ಕೆ ಹೋಟೆಲು ಹುಟ್ಟುವಂತೆ ಅಂದು ಸಂತೆ ಹುಟ್ಟಿತು.

ದಾರಿಯ ಬದಿಗೆ

ಪಶ್ಚಿಮದಿಂದ ಹೊರಟ ಬಂಡಿಗೆ ಮೊದಲು ಸಿಗುವುದು ಕಲಘಟಗಿ. ಕಾಡಿನ ಮರ ಬಯಲಿಗೆ ಇಳಿಯುವ ಬಾಗಿಲಲ್ಲಿರುವ ಈ ಊರು ತೊಟ್ಟಿಲಿಗೆ ಹೆಸರಾದದ್ದು ಸಹಜ. ಸಾಗವಾನಿಯಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ಸುತ್ತಲೂ ರಾಮಾಯಣದ, ಕೃಷ್ಣಲೀಲೆಯ ಚಿತ್ರಗಳನ್ನು ಚಿತ್ರಗಾರರು ಬರೆಯುತ್ತಾರೆ. ಒಂದು ತೊಟ್ಟಿಲು ಮೂರು ನಾಲ್ಕು ತಲೆಮಾರಿನ ಕೂಸುಗಳನ್ನು ತೂಗುತ್ತದೆ. ಚೊಚ್ಚಲ ಕೂಸಿಗೆ ತೊಟ್ಟಿಲು ತವರುಮನೆಯಿಂದ ಬರಬೇಕೆಂಬ ರೂಢಿಯಿಂದಾಗಿ ಕಲಘಟಗಿಯ ತೊಟ್ಟಿಲು ಬಂಡಿಯೇರಿ ಬಯಲಿನ ಊರುಗಳಿಗೆಲ್ಲ ಹೋಯಿತು. ಬೇಡಿಕೆ ತಗ್ಗಿದ್ದರೂ ಈ ಕೆಲಸ ಇನ್ನೂ ನಿಂತಿಲ್ಲ.

ಈ ದಾರಿಗೆ ಇನ್ನೊಂದು ಇತಿಹಾಸವೂ ಇದೆ. ಬಯಲಿನ ಹತ್ತಿಯನ್ನು ಘಟ್ಟ ಇಳಿಸಿ ಕುಮಟಾ ಬಂದರಿಗೆ ಮುಟ್ಟಿಸುತ್ತಿದ್ದವರು ಬಹುಕಾಲ ಲಂಬಾಣಿಗರು. ಎತ್ತಿನ ಬೆನ್ನ ಮೇಲೆ ಹೇರು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಕುಮಟಾ, ಕಾರವಾರಗಳ ಕಡೆಗೆ ಬಂಡಿ ಇಳಿಯುವ ಘಟ್ಟದ ರಸ್ತೆಗಳಿಗೆ ಸರ್ಕಾರ ಹಣ ಸುರಿದದ್ದು ಆ ಆಸೆಗೆ. 1880ರ ದಶಕದಲ್ಲಿ ರೈಲು ಬಂದಾಗ ಹೇರೆಲ್ಲ ಅದಕ್ಕೆ ಹೋಯಿತು. ಲಂಬಾಣಿಗರ ಕಸುಬೂ ಮುರಿಯಿತು. ಕಲಘಟಗಿಯ ಸುತ್ತಣ ತಾಂಡಾಗಳ ಹಿರಿಯರು ಒಂದು ಕಾಲಕ್ಕೆ ಈ ದಾರಿಗಳ ಒಡೆಯರಾಗಿದ್ದರು ಎಂಬುದು ಈಗ ಯಾರಿಗೂ ನೆನಪಾಗುವುದಿಲ್ಲ.

ರೈಲಿನ ಫಲ ಉಂಡ ಊರು ಕುಂದಗೋಳ. 1948ರವರೆಗೆ ಇದು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರದೆ, ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿತ್ತು. ಹುಬ್ಬಳ್ಳಿಯಿಂದ ಬಂಡಿ ಹೊಡೆದವನು ಸಂಜೆಯೊಳಗೆ ಬೇರೊಬ್ಬ ದೊರೆಯ ಸೀಮೆಯಲ್ಲಿರುತ್ತಿದ್ದ. ಚಾಲುಕ್ಯ ಕಾಲದ ಶಂಭುಲಿಂಗ ದೇವಾಲಯ ಇಲ್ಲಿದೆ. ಆದರೆ ಊರಿನ ಹೆಸರನ್ನು ನಾಡಿನ ಆಚೆಗೆ ಒಯ್ದದ್ದು ಸಂಗೀತ. 1886ರಲ್ಲಿ ಇಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ ಮುಂದೆ ಸವಾಯಿ ಗಂಧರ್ವರಾದರು. ಅವರ ಗುರು ಅಬ್ದುಲ್ ಕರೀಂಖಾನ್ ಸಾಹೇಬರಿಗೆ ಇಲ್ಲಿನ ನಾಡಿಗೇರ ವಾಡೆ ಆಸರೆಯಾಗಿತ್ತು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತರು. ಬಂಡಿಯ ಕಾಲವೇ ಆಗಿದ್ದರೆ ಸಂಜೆ ಬಂದು ರಾತ್ರಿ ಮರಳುವ ಗಂಗೂಬಾಯಿಯವರ ಕಲಿಕೆ ಸಾಧ್ಯವಿರಲಿಲ್ಲ ಎಂಬುದನ್ನೂ ಒಪ್ಪಬೇಕು. ವೇಗದಿಂದ ಹೋದದ್ದಷ್ಟೇ ಅಲ್ಲ, ಬಂದದ್ದೂ ಇದೆ.

ಪೂರ್ವಕ್ಕೆ ಅಣ್ಣಿಗೇರಿ. ಇಲ್ಲಿನ ಅಮೃತೇಶ್ವರ ದೇವಾಲಯ 1050ರದು. 76 ಕಂಬಗಳ ಮೇಲೆ ನಿಂತಿದೆ. ಮರಳುಗಲ್ಲು ಬಿಟ್ಟು ಮೃದುವಾದ ಬಳಪದ ಕಲ್ಲಿಗೆ ಚಾಲುಕ್ಯ ಶಿಲ್ಪಿಗಳು ಕೈಹಾಕಿದ ಮೊದಲ ದೇವಾಲಯಗಳಲ್ಲಿ ಇದೊಂದು. ಕಲ್ಯಾಣವನ್ನು ಕಳೆದುಕೊಂಡ ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಕೊನೆಗೆ ಇಲ್ಲಿಂದಲೇ ಆಳಿದ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದು ಅವನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯಲ್ಲಿ ಕೆತ್ತಿಸಿದ ಶಾಸನದಿಂದ ತಿಳಿಯಿತು. ಇಷ್ಟಿದ್ದೂ ಅಣ್ಣಿಗೇರಿಗೆ ದೂರದ ಜನ ಗುಂಪುಗೂಡಿ ಬಂದದ್ದು 2010ರಲ್ಲಿ, ಚರಂಡಿಯ ಕೆಲಸ ನಡೆಯುವಾಗ ನೂರಾರು ಮನುಷ್ಯರ ತಲೆಬುರುಡೆಗಳು ಕಂಡಾಗ. ಯುದ್ಧವೋ ಕ್ಷಾಮವೋ ಎಂಬ ಚರ್ಚೆ ಬಹಳ ದಿನ ನಡೆಯಿತು. ಗದಗದ ಕಡೆಗೆ ಓಡುವ ವಾಹನಗಳಲ್ಲಿ ಅಮೃತೇಶ್ವರನಿಗಾಗಿ ನಿಲ್ಲುವವು ಈಗಲೂ ವಿರಳ.

ನವಲಗುಂದಕ್ಕೆ ರೈಲು ಬರಲೇ ಇಲ್ಲ. ಕಲಘಟಗಿಯ ಕಥೆಯೂ ಅಷ್ಟೇ. ಬಂಡಿಯ ಬಾಳು ಇಲ್ಲಿ ಉದ್ದವಾದುದಕ್ಕೆ ಇದೂ ಒಂದು ಕಾರಣ. ಹೋಳಿಗೆ ಬೇಡಿದ್ದನ್ನು ಕೊಡುವನೆಂದು ಜನ ನಂಬುವ ರಾಮಲಿಂಗ ಕಾಮಣ್ಣ, ಅಜಾತ ನಾಗಲಿಂಗ ಸ್ವಾಮಿಗಳ ಮಠ, ಇವೆಲ್ಲ ಬಂಡಿಗಳು ನಿಲ್ಲುತ್ತಿದ್ದ ಬಾಗಿಲುಗಳು. ಬಂಡಿಯಲ್ಲಿ ಹಾಸುತ್ತಿದ್ದ ಜಮಖಾನೆಗೂ ಈ ಊರೇ ತವರು. ಬಿಜಾಪುರದ ಆದಿಲಶಾಹಿ ಕುಸಿದಾಗ ವಲಸೆ ಬಂದ ನೇಕಾರರು ತಂದ ವಿದ್ಯೆ ಇದೆಂದು ಪರಂಪರೆಯ ಮಾತು. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಗೋಡೆಗೆ ಆನಿಸಿದಂತೆ ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು ನವಿಲು, ಪಗಡೆಯ ಹಾಸುಗಳನ್ನು ನೂಲಿನಲ್ಲಿ ಎತ್ತುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಇದಕ್ಕೆ ಸಿಕ್ಕಿದೆ. ಮಗ್ಗಗಳು ಮಾತ್ರ ಕೈಬೆರಳೆಣಿಕೆಗೆ ಇಳಿಯುತ್ತ ಬಂದಿವೆ. ಊರಿನ ಇನ್ನೊಂದು ಗುರುತು ರೈತ ಹುತಾತ್ಮರ ಸ್ಮಾರಕ. ಮಲಪ್ರಭೆಯ ಕಾಲುವೆ ಪೂರ್ತಿ ನೀರು ಕೊಡುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಕೇಳಿದಾಗ ಎದ್ದ ಚಳವಳಿಯಲ್ಲಿ, 1980ರ ಜುಲೈ 21ರಂದು ಪೊಲೀಸರ ಗುಂಡಿಗೆ ಇಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದರು.

ಹೆಣ್ಣುಮಕ್ಕಳ ಪಯಣ

ಗಂಡಸರಿಗೆ ಸಂತೆ ಇತ್ತು, ಕಚೇರಿ ಇತ್ತು, ಹತ್ತಿ ಮಾರಲು ಹುಬ್ಬಳ್ಳಿ ಇತ್ತು. ಒಕ್ಕಲುತನದ ಮನೆಯ ಹೆಣ್ಣುಮಗಳಿಗೆ ತವರಿಗೆ ಹೋಗುವುದನ್ನು ಬಿಟ್ಟರೆ ಊರಿನ ಅಗಸೆ ದಾಟುವ ಅವಕಾಶ ವರ್ಷಕ್ಕೊಮ್ಮೆ ಈ ಬಂಡಿಯಲ್ಲಿ ಮಾತ್ರ. ಆ ಪಯಣದ ಅಡಿಗೆ ಕೆಲಸವೂ ಅವಳದೇ, ಸಡಗರವೂ ಅವಳದೇ.

ಸಿದ್ಧತೆ ಎಂಟು ದಿನ ಮೊದಲೇ ಶುರು. ಕಟಕರೊಟ್ಟಿ ಬಡಿದು ಬಿಸಿಲಿಗೆ ಹರವಿ ಗರಿಗರಿಯಾಗಿಸಿದರೆ ಹದಿನೈದು ದಿನ ಕೆಡುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕರ್ಚಿಕಾಯಿ, ಶೇಂಗಾ ಹೋಳಿಗೆ, ಮಾದಲಿ: ಈ ಬುತ್ತಿಯಲ್ಲಿರುವುದೆಲ್ಲ ನೀರು ಕಡಿಮೆ, ಬಾಳಿಕೆ ಹೆಚ್ಚು. ಸಿಹಿನೀರು ಎಲ್ಲಿ ಸಿಗುವುದೋ ಗೊತ್ತಿಲ್ಲದ ನಾಡಿನ ಅಡಿಗೆ ಇದು. ವಸ್ತಿಯಲ್ಲಿ ಮೂರು ಕಲ್ಲು ಹೂಡಿದರೆ ಒಲೆ. ಪಕ್ಕದ ಬಂಡಿಯವರಿಗೆ 'ಯಕ್ಕಾ, ಯಾವೂರಾಕಿ ನೀ? ಬಾ, ಒಂದು ರೊಟ್ಟಿ ತಿನ್ನು' ಎಂದರೆ ಅಲ್ಲಿಂದ ಮಾತು ಬೆಳೆಯುತ್ತಿತ್ತು. ಬೇರೆ ಊರಿನ ಮಳೆಬೆಳೆ, ಸೊಸೆಯಂದಿರ ದೂರು, ಕನ್ಯೆ ವರಗಳ ಸುದ್ದಿ ಎಲ್ಲ ಆ ಒಲೆಯ ಮುಂದೆ ಕೈಬದಲಾಗುತ್ತಿದ್ದವು. ಎಷ್ಟೋ ಬೀಗತನಗಳು ಹೀಗೆ ಹುಟ್ಟಿದವೆಂದು ಹಿರಿಯರು ಹೇಳುವುದುಂಟು. ಗುಡ್ಡ ಮುಟ್ಟಿದ ಮೇಲೆ ಜೋಗುಳಬಾವಿಯ ಸ್ನಾನ, ಸತ್ಯಮ್ಮನ ದರ್ಶನ, ಬಂಡಿಯ ಪಕ್ಕದಲ್ಲೇ ಹೋಳಿಗೆ ಕಡುಬಿನ ನೈವೇದ್ಯ ಮಾಡಿ ಪಡಲಿಗಿ ತುಂಬಿಸುವುದು.

ಇದೇ ಬಂಡಿಗಳು ಇನ್ನೊಂದು ಹೊರೆಯನ್ನೂ ಹೊತ್ತವು. ಎಲ್ಲಮ್ಮನ ಹೆಸರಿನಲ್ಲಿ ಬಡವರ, ಅದರಲ್ಲೂ ದಲಿತರ ಮನೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುತ್ತಿದ್ದುದು ಈ ಹುಣ್ಣಿಮೆಗಳಲ್ಲೇ. ಕರ್ನಾಟಕ ಸರ್ಕಾರ 1982ರಲ್ಲಿ ಕಾಯ್ದೆ ತಂದು ಅದನ್ನು ಅಪರಾಧವೆಂದು ಸಾರಿತು. ಹೋಗುವಾಗ ಬಂಡಿಯಲ್ಲಿ ನಗುತ್ತ ಕುಳಿತ ಎಷ್ಟು ಹುಡುಗಿಯರು ಬರುವಾಗ ಬೇರೆಯೇ ಆಗಿ ಬಂದರೋ, ಬಂಡಿಯ ಸೊಗಸನ್ನು ಕೊಂಡಾಡುವಾಗ ಅದನ್ನು ಮರೆಯುವಂತಿಲ್ಲ.

ಚಕ್ಕಡಿ ರಸ್ತೆ ಎಲ್ಲಿದೆ?

ಬಂಡಿಯನ್ನು ಮೊದಲು ಹಿಂದಿಕ್ಕಿದ್ದು ಬಸ್ಸು. ಈಗ ಹುಣ್ಣಿಮೆಗಳಿಗೆ ಹುಬ್ಬಳ್ಳಿ, ಧಾರವಾಡಗಳಿಂದ ಗುಡ್ಡಕ್ಕೆ ವಿಶೇಷ ಬಸ್ಸುಗಳು ಓಡುತ್ತವೆ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಆದರೆ ಬಸ್ಸಿನಲ್ಲಿ ಒಲೆ ಹೂಡುವಂತಿಲ್ಲ, ಬೇಕಾದಲ್ಲಿ ಇಳಿಯುವಂತಿಲ್ಲ. ಇಡೀ ಮನೆ ಒಟ್ಟಿಗೆ ಹೋಗಬೇಕೆಂಬ ಆಸೆ ಬಿಡದವರು ಟ್ರ್ಯಾಕ್ಟರಿಗೆ ಕಮಾನು ಕಟ್ಟಿದರು. ಇದು ಕಾನೂನಿಗೆ ಒಪ್ಪುವುದಿಲ್ಲ. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂರಿಸುವುದು ಮೋಟಾರು ವಾಹನ ಕಾಯ್ದೆಗೆ ವಿರುದ್ಧ. ರಾತ್ರಿಯ ಹೆದ್ದಾರಿಯಲ್ಲಿ ಹಿಂದೆ ದೀಪವಿಲ್ಲದ ಟ್ರೇಲರಿಗೆ ಲಾರಿ ಗುದ್ದಿದ ಸುದ್ದಿ ಓದುಗರಿಗೆ ಹೊಸದಲ್ಲ. ಬಂಡಿಯ ಕೆಳಗೆ ಕಂದೀಲು ಕಟ್ಟುವುದನ್ನು ಮರೆಯದಿದ್ದ ಜನ ಟ್ರೇಲರಿನ ಹಿಂದೆ ಒಂದು ಕೆಂಪು ದೀಪ ಹಾಕುವುದನ್ನು ಯಾಕೆ ಮರೆತರೋ ಹೇಳುವುದು ಕಷ್ಟ.

ಎತ್ತು ಕಡಿಮೆಯಾದುದು ಇದಕ್ಕೆ ಹೊಂದಿಕೊಂಡೇ ನಡೆಯಿತು. ಎರಿ ಹೊಲದ ಆಳದ ಉಳುಮೆಗೆಂದೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಂಗ್ಲಿ ಮೊದಲಾದ ಸಂಸ್ಥಾನಗಳ ದೊರೆಗಳು ಬೆಳೆಸಿದ ಕೃಷ್ಣಾ ಕಣಿವೆ ತಳಿಯ ದೊಡ್ಡ ಎತ್ತುಗಳು ಈಗ ಕಾಣುವುದೇ ಅಪರೂಪ. ಚುರುಕು ನಡಿಗೆಯ ಕಿಲಾರಿ ಉಳಿದಿದೆಯಾದರೂ ಜೋಡಿಯ ಬೆಲೆ, ವರ್ಷದ ಮೇವು, ನೋಡಿಕೊಳ್ಳುವ ಆಳು ಇವನ್ನೆಲ್ಲ ಕೂಡಿಸಿದರೆ ಸಣ್ಣ ಹಿಡುವಳಿದಾರನಿಗೆ ಬಾಡಿಗೆ ಟ್ರ್ಯಾಕ್ಟರೇ ಅಗ್ಗ. ಬಂಡಿ ಇದ್ದವರೂ ಮರದ ಗಾಲಿ ತೆಗೆದು ರಬ್ಬರ್ ಟೈರು ಹಾಕಿಸಿಕೊಂಡರು. ಡಾಂಬರನ್ನು ಕೊರೆಯುವ ಕಬ್ಬಿಣದ ಹಳಿ ಹೋದದ್ದರಿಂದ ರಸ್ತೆಗೆ ಲಾಭವೇ ಆಯಿತು. ಹಳಿ ಕಾಯಿಸುವ ಕುಲುಮೆಗಳು ಮಾತ್ರ ಒಂದೊಂದಾಗಿ ಆರಿದವು.

ಕಣ್ಣಿಗೆ ಬೀಳದೆ ನಡೆದ ನಷ್ಟ ದಾರಿಯದು. ಸರ್ವೆ ಇಲಾಖೆಯ ಗ್ರಾಮನಕ್ಷೆಗಳಲ್ಲಿ ಕಾಲುದಾರಿ ಬೇರೆ, ಬಂಡಿದಾರಿ ಬೇರೆಯಾಗಿ ಗುರುತಾಗಿವೆ. ಊರಿಂದೂರಿಗೆ, ಕೆರೆಯಿಂದ ಕೆರೆಗೆ ಹೊಲಗಳ ನಡುವೆ ಹಾಯುವ ಈ ಬಂಡಿದಾರಿಗಳು ಡಾಂಬರು ರಸ್ತೆಗಿಂತ ಎಷ್ಟೋ ಹಳೆಯವು. ಬಂಡಿ ಓಡಾಡುತ್ತಿದ್ದಷ್ಟು ಕಾಲ ಗಾಲಿಯ ಜಾಡೇ ಅವುಗಳ ಗಡಿಕಲ್ಲು. ಜಾಡು ಅಳಿಸಿದ ಮೇಲೆ ಎರಡೂ ಬದಿಯವರು ಒಂದೊಂದು ಸಾಲು ಒಳಗೆ ಉಳುತ್ತ ಬಂದರು. 1970ರ ದಶಕದಿಂದ ಮಲಪ್ರಭೆಯ ಕಾಲುವೆ ಬಂದು ಎರಡು ಬೆಳೆಯಾದ ಕಡೆಗಳಲ್ಲಿ ಚಳಿಗಾಲಕ್ಕೆ ಬರಿದಾಗಿ ದಾರಿ ಬಿಡುವ ಹೊಲಗಳೂ ಉಳಿಯಲಿಲ್ಲ. ನಕ್ಷೆಯಲ್ಲಿ ಎರಡು ಬಂಡಿ ಎದುರುಬದುರು ಹಾಯುವಷ್ಟು ಅಗಲ ಇದ್ದದ್ದು ನೆಲದ ಮೇಲೆ ಈಗ ಸೈಕಲ್ಲಿನಷ್ಟಾಗಿದೆ. ಇದರಿಂದ ತಹಶೀಲ್ದಾರರ ಕಚೇರಿಗೆ ಬಂದ ತಕರಾರುಗಳು ಕಡಿಮೆಯಿಲ್ಲ. ಮಳೆಗಾಲದಲ್ಲಿ ಹೆಸರು, ಶೇಂಗಾಗಳನ್ನು ಹೊಲದಿಂದ ಮನೆಗೆ ತರಲಾಗದೆ ಕೊಳೆಸಿದವರ ಗೋಳು ಬೇರೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ಶಾಲೆ, ಚರಂಡಿಗಳ ಜೊತೆಗೆ ಹೊಲಕ್ಕೆ ಹೋಗುವ ದಾರಿಯ ಬೇಡಿಕೆ ತಪ್ಪದೆ ಬರುತ್ತದೆ. ಜಲ್ಲಿ ಹಾಕಿ ಗಟ್ಟಿಮಾಡಿದರೆ ಅದರ ಮೇಲೆ ಓಡುವುದು ಟ್ರ್ಯಾಕ್ಟರು, ರಾಶಿ ಮಾಡುವ ಯಂತ್ರ, ಮೋಟಾರು ಸೈಕಲ್ಲು. ಅರ್ಜಿಯಲ್ಲಿ ಮಾತ್ರ ಜನ ಇಂದಿಗೂ ಬರೆಯುವುದು 'ಚಕ್ಕಡಿ ರಸ್ತೆ' ಎಂದೇ.